ಒಂದು ಫೋಲ್ಡರ್ ಡಿಲೀಟ್ ಮಾಡಿಸಲು ಹೋಗಿ ಆರು ವರ್ಷದ ಕೆಲಸ ಕಳೆದುಕೊಂಡೆ

ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಯಾಕೆಂದರೆ ನಾನೇ ಡಿಟಿಪಿ ಅಂಗಡಿ ಇಟ್ಟವನು, ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವವನು, ಓಣಿಯವರು "ಸರ್, ಇದು ಯಾಕ ಓಪನ್ ಆಗವಲ್ದು" ಅಂತ ನನ್ನ ಹತ್ತಿರವೇ ಬರುತ್ತಾರೆ. ಅಂಥ ನಾನೇ ಮೋಸ ಹೋದೆ.

ಆದದ್ದು ಇಷ್ಟೇ. ಗಿರಾಕಿಯೊಬ್ಬರ ಮದುವೆ ವಿಡಿಯೋ ಫೋಲ್ಡರ್ ಡಿ ಡ್ರೈವ್‌ನಲ್ಲಿತ್ತು, 38 ಜಿಬಿ. ಅವರು ಕಾಪಿ ತಗೊಂಡು ಹೋಗಿ ಎರಡು ತಿಂಗಳಾಗಿತ್ತು. ಡ್ರೈವ್ ತುಂಬಿ ಕೆಂಪಗಾಗಿದೆ, ಡಿಲೀಟ್ ಒತ್ತಿದರೆ "ಈ ಫೈಲ್ ಬೇರೆ ಪ್ರೋಗ್ರಾಮ್‌ನಲ್ಲಿ ತೆರೆದಿದೆ" ಅಂತ ಬರುತ್ತದೆ. ಎಲ್ಲಾ ಬಂದ್ ಮಾಡಿದೆ, ಅದೇ ಮಾತು. ರೀಸ್ಟಾರ್ಟ್ ಮಾಡಿದೆ, ಅದೇ ಮಾತು. ಯಾವುದೋ ವಿಡಿಯೋ ನೋಡಿ ಸೆಕ್ಯುರಿಟಿ ಟ್ಯಾಬ್‌ಗೆ ಹೋಗಿ, ನನ್ನ ಹೆಸರೊಂದು ಬಿಟ್ಟು ಉಳಿದ ಹೆಸರೆಲ್ಲ ತೆಗೆದುಹಾಕಿದೆ. ಏನೂ ಉಪಯೋಗವಾಗಲಿಲ್ಲ. (ಈ ಶ್ಯಾಣ್ಯಾತನ ಆಮೇಲೆ ಹೇಗೆ ಕಾಡಿತು ಅಂತ ಹೇಳುತ್ತೇನೆ.)

ಮೇ ತಿಂಗಳು, ಮದುವೆ ಕಾರ್ಡಿನ ಸೀಸನ್, ಹೊರಗೆ ಬೆಂಕಿಯಂಥ ಬಿಸಿಲು. ಸಿಪಿಯು ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಒಯ್ದೆ. ಹೆಸರು ಹೇಳುವುದಿಲ್ಲ. ಹುಡುಗ ನಕ್ಕ. "ಡಿಲೀಟ್ ಮಾಡಾಕ ಏನ್ರಿ, ಇನ್ನೂರು ಕೊಡ್ರಿ, ಸಂಜಿಗೆ ಬರ್ರಿ."

ಇನ್ನೂರು! ನೆನಪಿಟ್ಟುಕೊಳ್ಳಿ.

ಮೆಷಿನ್ ಆನ್ ಮಾಡಿ ಏನೋ ಟೈಪ್ ಮಾಡಿದ. ಒಂದು ಪಟ್ಟಿ ತೆರೆಯಿತು, ಸಾಲು ಸಾಲಾಗಿ ಕೆಂಪು ಗುರುತು, ಹಳದಿ ಗುರುತು. ಸ್ಕ್ರಾಲ್ ಮಾಡುತ್ತಲೇ ಇದ್ದಾನೆ, ಮುಗಿಯುತ್ತಲೇ ಇಲ್ಲ. "ನೋಡ್ರಿ ಸರ್, ವೈರಸ್ ಒಳಗ ಕುಂತದ. ಅದಕ್ಕೇ ಫೋಲ್ಡರ್ ಬಿಡವಲ್ದು." ನನಗೆ ಕೈ ತಣ್ಣಗಾಯಿತು. ಏನಪ್ಪ ಮಾಡೋದು ಅಂದೆ. "ನಾವ್ ಅದೀವಲ್ರಿ, ಟೆನ್ಷನ್ ಯಾಕ ತಗೋತೀರಿ."

ಮಧ್ಯಾಹ್ನ ಫೋನ್ ಬಂತು. ಅಂಗಡಿಯಲ್ಲಿ ಜೆರಾಕ್ಸಿಗೆ ಆರು ಜನ ನಿಂತಿದ್ದರು. "ಸರ್, ವಿಂಡೋಸ್ ಹೊಸಾದು ಹಾಕ್ಲೇನ್ರಿ?" ನಾನು ಹಾಕಪ್ಪ ಅಂದೆ. ಹೌದು, ಅಂದೆ. ಸಿ ಡ್ರೈವ್ ಪೂರ್ತಿ ಫಾರ್ಮ್ಯಾಟ್ ಮಾಡುತ್ತೇನೆ, ಡೆಸ್ಕ್‌ಟಾಪ್ ಮೇಲೆ ಏನಾದರೂ ಇದೆಯಾ ಅಂತ ಅವನು ಕೇಳಲಿಲ್ಲ. ಕೇಳಬೇಕಿತ್ತಲ್ವಾ? ಯಾವ ರಿಪೇರಿಯವನಾದರೂ ಮೊದಲು ಕೇಳುವ ಮಾತೇ ಅದು.

ಸಂಜೆ ಹೋದರೆ ಚೀಟಿ ಕೈಗಿಟ್ಟ. ವಿಂಡೋಸ್ 700, ವೈರಸ್ ಕ್ಲೀನಿಂಗ್ 900, ಆಂಟಿವೈರಸ್ 1,200. ಒಟ್ಟು 2,800. ಇನ್ನೂರಕ್ಕೆ ಹೋದವನು ಎರಡು ಸಾವಿರದ ಎಂಟು ನೂರು ಕೊಟ್ಟು ಬಂದೆ. ಚೀಟಿ ಮೇಲೆ ಅಂಗಡಿ ಹೆಸರಿಲ್ಲ, ಸೀಲ್ ಇಲ್ಲ, ಸಹಿ ಇಲ್ಲ. ಅದೂ ಆಗ ಕಣ್ಣಿಗೆ ಬೀಳಲಿಲ್ಲ.

ಮನೆಗೆ ಬಂದು ಆನ್ ಮಾಡಿದೆ. ಡೆಸ್ಕ್‌ಟಾಪ್ ಮೇಲೆ ರೀಸೈಕಲ್ ಬಿನ್ ಒಂದೇ. ಆರು ವರ್ಷದ ಮದುವೆ ಕಾರ್ಡ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅರ್ಜಿ, ಕರಾರು ಪತ್ರ, ಪೇಜ್‌ಮೇಕರ್ ಫೈಲ್ ಎಲ್ಲ ಡೆಸ್ಕ್‌ಟಾಪ್ ಮೇಲೆ "ಕೆಲಸ" ಅನ್ನುವ ಫೋಲ್ಡರಿನಲ್ಲಿ ಇದ್ದವು. ಸಿ ಡ್ರೈವ್ ಹೋದರೆ ಡೆಸ್ಕ್‌ಟಾಪ್ ಕೂಡ ಹೋಗುತ್ತದೆ, ಗೊತ್ತು ನನಗೆ. ಬೇರೆಯವರಿಗೆ ನಾನೇ ಹೇಳುತ್ತಿದ್ದ ಮಾತು.

ಇನ್ನು ಕೇಳಿ. ಡಿ ಡ್ರೈವ್ ತೆರೆದರೆ ಆ 38 ಜಿಬಿ ಫೋಲ್ಡರ್ ಹಾಗೇ ಕುಳಿತಿದೆ! ಯಾವುದನ್ನು ತೆಗೆಸಲು ಹೋಗಿದ್ದೆನೋ ಅದೊಂದೇ ಉಳಿದಿದೆ. ಡಿಲೀಟ್ ಒತ್ತಿದೆ. ಈಗ ಹೊಸ ಮಾತು: ಪರ್ಮಿಷನ್ ಬೇಕಂತೆ, ಎಸ್-1-5-21 ಅಂತ ಶುರುವಾಗುವ ಉದ್ದನೆಯ ನಂಬರಿನಿಂದ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಹೋಗಿ ಕೇಳಿದೆ. ಉತ್ತರ ಹೀಗಿತ್ತು: "ಸಿ ಡ್ರೈವ್‌ದಾಗ ಯಾರಾದ್ರೂ ಡೇಟಾ ಇಡ್ತಾರೇನ್ರಿ?" ಆ ಫೋಲ್ಡರ್ ಹಾಗೇ ಇದೆಯಲ್ಲಪ್ಪ ಅಂದೆ. "ಅದು ಡಿ ಡ್ರೈವ್‌ದಾಗ ಅದ ರೀ, ನಾವು ಡಿ ಮುಟ್ಟಂಗಿಲ್ಲ." ಮತ್ತೆ ದುಡ್ಡು ಯಾವುದಕ್ಕೆ? "ನೀವೇ ಫೋನ್‌ದಾಗ ಹಾಕಪ್ಪ ಅಂದೀರಿ." ವಾಟ್ಸಾಪ್‌ನಲ್ಲಿ ಉದ್ದ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು, ಒಂದು ಕೈಮುಗಿದ ಚಿತ್ರ ಬಂತು. ಅಷ್ಟೇ. ಕೈ ಮುಗಿದಿದ್ದಾನೆ! ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಅಂತ ಗೆಳೆಯರು ಹೇಳಿದರು. ಹೆಸರಿಲ್ಲದ ಚೀಟಿ ಹಿಡಿದುಕೊಂಡು ಯಾರ ಮೇಲೆ ದೂರು ಕೊಡಲಿ?

ಭಾನುವಾರ ಅಕ್ಕನ ಮಗ ಬಂದಿದ್ದ, ಇಲ್ಲೇ ಇಂಜಿನಿಯರಿಂಗ್ ಓದುತ್ತಾನೆ. ಕೆಂಪು ಗುರುತಿನ ಕತೆ ಹೇಳಿದ ಕೂಡಲೇ ತನ್ನ ಹೊಸ ಲ್ಯಾಪ್‌ಟಾಪ್ ತೆರೆದು ಈವೆಂಟ್ ವ್ಯೂವರ್ ಅಂತ ಟೈಪ್ ಮಾಡಿದ. ಅದೇ ಪಟ್ಟಿ! ಅವೇ ಕೆಂಪು ಗುರುತು! "ಮಾಮಾ, ಇದು ವಿಂಡೋಸ್ ತಾನೇ ಬರಕೊಳ್ಳೋ ದಿನಚರಿ, ಎಲ್ಲಾ ವಿಂಡೋಸ್‌ದಾಗೂ ಇರ್ತದ. ಒಂದು ಸರ್ವಿಸ್ ಶುರು ಆಗೋದು ತಡ ಆದ್ರೂ ಬರೀತದ. ವೈರಸ್ಸಿಗೂ ಇದಕ್ಕೂ ಸಂಬಂಧಿಲ್ಲ." ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಇದಕ್ಕೆ ಜಾಸ್ತಿ. ಬರೀ ಒಂದು ಪಟ್ಟಿ ತೋರಿಸಿ ಹೆದರಿಸಿದ, ನಾನು ಹೆದರಿದೆ.

ಆ ಉದ್ದ ನಂಬರ್ ಯಾರದು ಗೊತ್ತಾ? ನಾನೇ! ಹಳೇ ವಿಂಡೋಸ್‌ನಲ್ಲಿದ್ದ ನನ್ನ ಅಕೌಂಟಿನ ನಂಬರ್. ನನ್ನ ಹೆಸರೊಂದೇ ಬಿಟ್ಟಿದ್ದೆನಲ್ಲ, ಹೊಸ ವಿಂಡೋಸಿಗೆ ಆ ಹಳೇ ಹೆಸರು ಗೊತ್ತಿಲ್ಲ, ಬರೀ ನಂಬರ್ ತೋರಿಸುತ್ತದೆ. ಅಕ್ಕನ ಮಗ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಒಳಗೆ ಹೋಗಿ ಓನರ್ ಬದಲಿಸಿದ, ಒಳಗಿನ ಫೋಲ್ಡರ್‌ಗಳಿಗೂ ಅನ್ವಯಿಸುವ ಟಿಕ್ ಹಾಕಿದ, ಫುಲ್ ಕಂಟ್ರೋಲ್ ಕೊಟ್ಟ, ಡಿಲೀಟ್ ಒತ್ತಿದ. ಚಹಾ ಆರುವುದರೊಳಗೆ 38 ಜಿಬಿ ಹೋಯಿತು.

ಮೊದಲ ಸಲ ಫೋಲ್ಡರ್ ಹಿಡಿದುಕೊಂಡಿದ್ದು ಯಾರು? ಹೊರಗಿನ ಹಾರ್ಡ್ ಡಿಸ್ಕ್ ಜೊತೆ ಬಂದ ಬ್ಯಾಕಪ್ ಪ್ರೋಗ್ರಾಮ್ ಹಾಕಿದ್ದೆ, ಆನ್ ಆದ ಕೂಡಲೇ ಅದೂ ಶುರುವಾಗುತ್ತಿತ್ತು. ಬಹುಶಃ ಅದೇ ಅಂತಾನೆ. ಹಾಗಿದ್ದರೆ, ಇಂಥ ಪ್ರೋಗ್ರಾಮ್ ಶುರುವಾಗದಂತೆ ವಿಂಡೋಸ್ ತೆರೆಯುವ ಸೇಫ್ ಮೋಡ್‌ಗೆ ಹೋಗಿದ್ದರೂ ಸಾಕಿತ್ತು.

ನಿಮಗೂ ಹೀಗಾದರೆ ವಿಂಡೋಸ್ ಒಳಗೇ ಇರುವ ರಿಸೋರ್ಸ್ ಮಾನಿಟರ್ ತೆರೆಯಿರಿ, ಸಿಪಿಯು ಟ್ಯಾಬ್‌ನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಅಂತ ಇದೆ, ಅಲ್ಲಿ ಫೈಲ್ ಹೆಸರು ಹುಡುಕಿ. ಯಾವ ಪ್ರೋಗ್ರಾಮ್ ಹಿಡಿದಿದೆ ಅಂತ ಅದೇ ಹೇಳುತ್ತದೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿ ಫೈಲ್ ಲಾಕ್‌ಸ್ಮಿತ್ ಅಂತಲೂ ಇದೆ, ಪುಕ್ಕಟೆ. ಓನರ್ ಬದಲಿಸುವ ಕೆಲಸ ನಿಮ್ಮ ಫೋಲ್ಡರಿಗೆ ಮಾತ್ರ, ವಿಂಡೋಸ್ ಫೋಲ್ಡರಿಗೆ ಕೈ ಹಾಕಬೇಡಿ. ಅಂಗಡಿಗೆ ಕೊಡಲೇಬೇಕಾದರೆ ಏನು ಅಳಿಸಬಾರದು ಅಂತ ಬರೆದು ಕೊಡಿ. ಕೆಂಪು ಪಟ್ಟಿ ತೋರಿಸಿದರೆ ಸಿಪಿಯು ಎತ್ತಿಕೊಂಡು ಎದ್ದು ಬನ್ನಿ.

ರಿಕವರಿ ಪ್ರೋಗ್ರಾಮ್ ಹಾಕಿ ಎರಡು ರಾತ್ರಿ ಕೂತೆವು. ಹೆಸರು ಹೋಗಿ ಬರೀ ನಂಬರಿನ ಫೈಲ್‌ಗಳು ಬಂದವು, ಹತ್ತರಲ್ಲಿ ಒಂದೆರಡು ತೆರೆಯುತ್ತವೆ. ಸ್ಯಾಂಪಲ್‌ಗೆ ಅಂತ ಡಬ್ಬಿಯಲ್ಲಿ ಇಟ್ಟಿದ್ದ ಅಚ್ಚಾದ ಕಾರ್ಡುಗಳು ಮಾತ್ರ ಇವೆ. ನಿನ್ನೆ ಒಬ್ಬರು ಬಂದು "ಅಣ್ಣನ ಲಗ್ನದ್ದು ನಿಮ್ಮ ಹತ್ರಾನೇ ಅದ ಅಲ್ರಿ, ತಮ್ಮನ ಹೆಸರಷ್ಟೇ ಬದಲಿ ಮಾಡಿ ಕೊಡ್ರಿ, ಹತ್ತು ನಿಮಿಷದ ಕೆಲಸ" ಅಂದರು. ಹೂಂ ಅಂದೆ. ಅವರು ಹೋದ ಮೇಲೆ ಡಬ್ಬಿಯಿಂದ ಅರಿಶಿನ ಹತ್ತಿದ ಆ ಹಳೇ ಕಾರ್ಡ್ ತೆಗೆದು, ಮಾನಿಟರಿಗೆ ಆನಿಸಿಟ್ಟು, ಶ್ರೀ ಗಣೇಶಾಯ ನಮಃದಿಂದ ಟೈಪ್ ಮಾಡುತ್ತ ಕೂತೆ.