ಚೆಂಡು ಸೋರೆಕಾಯಿ ಆಗಿತ್ತು: ‘ರಿಸ್ಟೋರ್ ಮಾಡಿದ’ ಬ್ಲೂ-ರೇ ತರಿಸಿ ನಾನು ಕೆಟ್ಟ ಕಥೆ

ವಿದೇಶದಿಂದ ಹಳೇ ಸಿನಿಮಾಗಳ ಡಿಸ್ಕ್ ತರಿಸುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಓದಿ. ಅದರಲ್ಲೂ ಕಡಿಮೆ ದುಡ್ಡಲ್ಲಿ ತೆಗೆದ ಹಳೇ ಸೈನ್ಸ್ ಫಿಕ್ಷನ್ ಸಿನಿಮಾಗಳ ಹುಚ್ಚು ನನ್ನ ಹಾಗೆ ನಿಮಗೂ ಇದ್ದರೆ ಪೂರ್ತಿ ಓದಿ. ನನ್ನ ಕೈಯಿಂದ ಹೋಗಿದ್ದು ಕಸ್ಟಮ್ಸ್ ಎಲ್ಲ ಸೇರಿ 3,850 ರೂಪಾಯಿ. ಮಾರಿದವರ ಹೆಸರು ಹಾಕುವುದಿಲ್ಲ. ಹಾಕಿದರೂ ಉಪಯೋಗವಿಲ್ಲ, ನಾಳೆ ಬೇರೆ ಹೆಸರಲ್ಲಿ ಅಂಗಡಿ ತೆರೆದಿರುತ್ತಾರೆ.

ಸಿನಿಮಾ ‘ಡಾರ್ಕ್ ಸ್ಟಾರ್’. 1974ರದ್ದು, ಜಾನ್ ಕಾರ್ಪೆಂಟರ್ ಅವರ ಮೊದಲ ಪೂರ್ಣ ಉದ್ದದ ಚಿತ್ರ. ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ಅವರೂ ಡ್ಯಾನ್ ಒಬ್ಯಾನನ್ ಅವರೂ ಸೇರಿ 16 ಎಂಎಂ ಫಿಲ್ಮ್‌ನಲ್ಲಿ ಶುರು ಮಾಡಿದ ವಿದ್ಯಾರ್ಥಿ ಚಿತ್ರ ಅದು. ಆಮೇಲೆ ಜ್ಯಾಕ್ ಹ್ಯಾರಿಸ್ ಅನ್ನುವ ನಿರ್ಮಾಪಕರು ದುಡ್ಡು ಹಾಕಿ, ಥಿಯೇಟರಿಗೆ ಆಗುವಷ್ಟು ಉದ್ದ ಮಾಡಿಸಿ, 35 ಎಂಎಂಗೆ ಹಿಗ್ಗಿಸಿ ಬಿಡುಗಡೆ ಮಾಡಿದರು. ಒಟ್ಟು ಖರ್ಚು ಸುಮಾರು 60,000 ಡಾಲರ್. ಅಷ್ಟರಲ್ಲೇ ಬಾಹ್ಯಾಕಾಶ ನೌಕೆ, ಅದರೊಳಗೆ ಬೇಜಾರು ಹಿಡಿದ ಸಿಬ್ಬಂದಿ, ವಾದ ಮಾಡುವ ಬಾಂಬು, ಒಂದು ಏಲಿಯನ್ ಎಲ್ಲ ಆಗಬೇಕು. ಏಲಿಯನ್ ಅಂದರೆ ಏನು ಗೊತ್ತಾ? ಸಮುದ್ರ ತೀರದಲ್ಲಿ ಮಕ್ಕಳು ಆಡುವ ಗಾಳಿ ಚೆಂಡು. ಅದಕ್ಕೆ ಬಣ್ಣ ಬಳಿದು, ಕೆಳಗೆ ಉಗುರಿರುವ ಎರಡು ಪಾದ ಅಂಟಿಸಿದ್ದಾರೆ, ಅಷ್ಟೇ. ಒಬ್ಯಾನನ್ ಇದರಲ್ಲಿ ನಟಿಸಿ, ಎಡಿಟಿಂಗೂ ಮಾಡಿ, ಐದು ವರ್ಷ ಆದಮೇಲೆ 1979ರಲ್ಲಿ ಬಂದ ‘ಏಲಿಯನ್’ಗೆ ಚಿತ್ರಕಥೆ ಬರೆದರು. ಚೆಂಡು ನೋಡಿ ಜನ ನಕ್ಕಿದ್ದಕ್ಕೆ ಆ ಸಲ ಹೆದರಿಸಿಯೇ ಬಿಡೋಣ ಅಂತ ಹಟ ಹಿಡಿದಿದ್ದರೇನೋ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಇಂಥ ಸಿನಿಮಾದಲ್ಲಿ ನನಗೆ ಇಷ್ಟವಾಗುವುದೇ ಆ ಕೈಕೆಲಸ. ನೌಕೆಯ ಕಂಟ್ರೋಲ್ ಬೋರ್ಡಿನ ಮೇಲಿನ ದೊಡ್ಡ ಬಟನ್‌ಗಳು ನಿಜಕ್ಕೂ ಫ್ರಿಜ್‌ನ ಐಸ್ ಟ್ರೇ, ಕೆಳಗಿನಿಂದ ದೀಪ ಹಾಕಿದ್ದಾರೆ. ಬಾಹ್ಯಾಕಾಶದ ಸೂಟಿನ ಎದೆ ಮೇಲಿರುವುದು ಮಫಿನ್ ಬೇಯಿಸುವ ತಟ್ಟೆ, ಹೆಚ್ಚು ಕಮ್ಮಿ ನಮ್ಮ ಇಡ್ಲಿ ತಟ್ಟೆ ಥರ. ಇದೆಲ್ಲ ಕಣ್ಣಿಗೆ ಚೆನ್ನಾಗಿ ಕಾಣಬೇಕು ಅಂತಲೇ ಡಿವಿಡಿಗಿಂತ ಸ್ಪಷ್ಟವಾಗಿ ತೋರಿಸುವ ಬ್ಲೂ-ರೇ ಡಿಸ್ಕ್ ಹುಡುಕಿದ್ದು. ಇಲ್ಲದಿದ್ದರೆ ಫೋನಲ್ಲೇ ನೋಡಿ ಸುಮ್ನೆ ಇರಬಹುದಿತ್ತು.

ನನ್ನ ಮೊದಲ ತಪ್ಪು ಇಲ್ಲಿದೆ. ಎರಡು ವರ್ಷದ ಹಿಂದೆ ಬೇರೆ ಯಾವುದೋ ಅಮೆರಿಕನ್ ಡಿಸ್ಕ್ ತರಿಸಿದ್ದೆ, ಅದು ಓಡಲೇ ಇಲ್ಲ. ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಅಂತ ಡಿಸ್ಕಿಗೆ ಬೀಗ ಹಾಕಿರುತ್ತಾರೆ, ಅದಕ್ಕೆ ರೀಜನ್ ಅಂತ ಹೆಸರು. ಬ್ಲೂ-ರೇಗೆ ಅಮೆರಿಕ ಎ ರೀಜನ್, ಬ್ರಿಟನ್ ಬಿ, ನಾವು ಸಿ. ಡಿವಿಡಿ ಆದರೆ ಅಮೆರಿಕ 1, ಬ್ರಿಟನ್ 2, ನಾವು 5. ಬೆಂಗಳೂರಲ್ಲಿ ತಗೊಂಡ ನನ್ನ ಪ್ಲೇಯರ್ ಎ ರೀಜನ್ ಡಿಸ್ಕ್ ಕಂಡ ಕೂಡಲೇ ಮುಖ ತಿರುಗಿಸಿತು. ಆವತ್ತಿನಿಂದ ‘ಆಲ್ ರೀಜನ್’ ಅಂತ ಬರೆದಿದ್ದರೆ ಸಾಕು, ಬೇರೆ ಏನೂ ನೋಡದೆ ದುಡ್ಡು ಕಟ್ಟುವ ಚಟ ಶುರುವಾಯಿತು. ಯಾವ ರೀಜನ್ನಿನಲ್ಲಿ ಬೇಕಾದರೂ ಓಡುತ್ತದೆ ಅಂತ ಎದೆ ತಟ್ಟಿಕೊಂಡು ಹೇಳುವ ಡಿಸ್ಕನ್ನು ಯಾರೋ ಮನೆಯಲ್ಲೇ ಕೂತು ಬರೆದಿರಬಹುದು ಅಂತ ತಲೆಗೇ ಹೋಗಲಿಲ್ಲ.

ಲಿಸ್ಟಿಂಗ್ ನೋಡಿದರೆ ಯಾರಾದರೂ ಬೀಳುತ್ತಾರೆ. ‘ಪೂರ್ತಿ ರಿಸ್ಟೋರ್ ಮಾಡಿದ್ದು’ (ಅಂದರೆ ಹಾಳಾದ ಹಳೇ ಚಿತ್ರವನ್ನು ಮೊದಲಿನ ಹಾಗೆ ಸರಿಮಾಡಿದ್ದು), ‘1080ಪಿ’, ‘ಥಿಯೇಟರ್ ಆವೃತ್ತಿ ಮತ್ತು ನಿರ್ದೇಶಕರ ಆವೃತ್ತಿ ಎರಡೂ’, ‘ಕೊನೆಯ ಒಂದು ಪ್ರತಿ ಮಾತ್ರ’. ಜೊತೆಗೆ ಆರು ಫೋಟೊ, ಅದರಲ್ಲಿ ಚೆಂಡು ದುಂಡಗೆ, ಮೈಮೇಲಿನ ಒಂದೊಂದು ಚುಕ್ಕೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ಆ ಫೋಟೊಗಳನ್ನು ಬೇರೆ ಯಾವುದೋ ಸರಿಯಾದ ಬಿಡುಗಡೆಯಿಂದ ಎತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಡಿಸ್ಕಿನ ಹಿಂಭಾಗದ ಒಂದು ಫೋಟೊ ಕೂಡ ಇರಲಿಲ್ಲ. ಅದೇ ನನಗೆ ಸಾಕಾಗಬೇಕಿತ್ತು.

ಪಾರ್ಸೆಲ್ ಬಂದಾಗ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು 640 ರೂಪಾಯಿ ಡ್ಯೂಟಿ ಕೇಳಿದರು. ಕೊಟ್ಟೆ. ಒಳಗೆ ತಂದು ಬೀರು ಮೇಲೆ ಇಟ್ಟೆ. ಇದು ಎರಡನೇ ತಪ್ಪು, ಮತ್ತು ಇದೇ ದೊಡ್ಡದು. ಅಣ್ಣನ ಮಗ ಮೈಸೂರಲ್ಲಿ ಓದುತ್ತಾನೆ, ಅವನಿಗೂ ಈ ಹುಚ್ಚು ಇದೆ, ರಜಕ್ಕೆ ಬಂದಮೇಲೆ ಇಬ್ಬರೂ ಒಟ್ಟಿಗೆ ತೆಗೆಯೋಣ ಅಂತ ಆಸೆ ಪಟ್ಟು ಐದು ವಾರ ಹಾಗೇ ಬಿಟ್ಟೆ. ವಾಪಸ್ ಕಳಿಸಲು ಇದ್ದ ಗಡುವು 30 ದಿನ.

ಕೊನೆಗೂ ಹುಡುಗ ಬಂದ. ಚುರುಮುರಿ, ಕಾಫಿ ಎಲ್ಲ ಇಟ್ಟುಕೊಂಡು ಕೂತೆವು. ಡಿಸ್ಕ್ ಹಿಡಿದಾಗ ಕಾಫಿ ಲೋಟದ ಹೊರಗಿನ ತೇವ ನನ್ನ ಬೆರಳಿಗೆ ಹತ್ತಿತ್ತು ಅನಿಸುತ್ತದೆ, ಡಿಸ್ಕ್ ಮೇಲಿನ ಚಿತ್ರದ ಕೆಂಪು ಬಣ್ಣ ಹೆಬ್ಬೆರಳಿಗೆ ಬಂತು. ಕುಂಕುಮ ಮುಟ್ಟಿದ ಹಾಗೆ. ಆಗಲೂ ನನಗೆ ಹೊಳೆಯಲಿಲ್ಲ, ಶಾಯಿ ಕಳಪೆ ಅಂದುಕೊಂಡೆ.

ಸಿನಿಮಾ ಶುರುವಾಯಿತು. ಮೊದಲು ಹಾಡು ಬರುತ್ತದೆ, ಅಮೆರಿಕದ ಹಳ್ಳಿ ಕಡೆಯ ಧಾಟಿಯ ಹಾಡು. ಅದು ಯಾಕೋ ಅವಸರದಲ್ಲಿತ್ತು, ಹಾಡುವವನ ದನಿ ತೆಳ್ಳಗಿತ್ತು. ಆಮೇಲೆ ನಕ್ಷತ್ರ. ಅಂದರೆ, ನಕ್ಷತ್ರ ಇರಬೇಕಾದ ಜಾಗ. ಕಪ್ಪು ಆಕಾಶ ಪೂರ್ತಿ ಚೌಕ ಚೌಕವಾಗಿ ನಡುಗುತ್ತಿತ್ತು, ನಕ್ಷತ್ರಗಳು ಕಣ್ಣು ಮಿಟುಕಿಸಿದ ಹಾಗೆ ಬಂದು ಮಾಯವಾಗುತ್ತಿದ್ದವು. ಚಿತ್ರದ ಧೂಳು ತೆಗೆಯಲು ಯಾವುದೋ ಸಾಫ್ಟ್‌ವೇರ್ ಬಿಟ್ಟಿದ್ದಾರೆ, ಅದು ಬಿಳಿ ಚುಕ್ಕೆ ಕಂಡಲ್ಲೆಲ್ಲ ಒರೆಸಿಬಿಟ್ಟಿದೆ. ಬಾಹ್ಯಾಕಾಶದ ಸಿನಿಮಾದಲ್ಲಿ ನಕ್ಷತ್ರಗಳನ್ನೇ ಗುಡಿಸಿ ಹಾಕಿದ್ದಾರೆ!

“ಅತ್ತೆ, ಕೆಳಗಡೆ ಗೆರೆ ನೋಡಿ” ಅಂದ.

ಚಿತ್ರದ ಕೆಳ ಅಂಚಿನಲ್ಲಿ ಬೆರಳಷ್ಟು ದಪ್ಪದ ಒಂದು ಪಟ್ಟಿ, ಹರಿದ ಸೀರೆ ಅಂಚಿನ ಥರ ಪಕ್ಕಕ್ಕೆ ಜಾರಿ ಅಲ್ಲಾಡುತ್ತಿತ್ತು. ಇವನು ಬಿಡುವಿನಲ್ಲಿ ಸ್ನೇಹಿತನ ಸ್ಟುಡಿಯೊದಲ್ಲಿ ಹಳೇ ಮದುವೆ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಕೆಲಸ ಮಾಡುತ್ತಾನೆ, ಹಾಗಾಗಿ ನೋಡಿದ ತಕ್ಷಣ ಗುರುತು ಹಿಡಿದ. ವಿಎಚ್‌ಎಸ್ ಕ್ಯಾಸೆಟ್ ಪ್ಲೇಯರಿನಲ್ಲಿ ಟೇಪ್ ಓದಲು ತಿರುಗುವ ಹೆಡ್ ಒಂದರಿಂದ ಇನ್ನೊಂದಕ್ಕೆ ಬದಲಾಗುವ ಜಾಗದಲ್ಲಿ ಈ ಗೆರೆ ಬರುತ್ತದಂತೆ. ಹಳೇ ಡಬ್ಬಿ ಟಿವಿಗಳು ಅಂಚನ್ನು ಮುಚ್ಚಿಕೊಳ್ಳುತ್ತಿದ್ದರಿಂದ ನಮಗೆ ಯಾವತ್ತೂ ಕಂಡಿಲ್ಲ. “ಅಪ್ಪ ಅಮ್ಮನ ಮದುವೆ ಕ್ಯಾಸೆಟ್‌ನಲ್ಲೂ ಇದೇ ಗೆರೆ ಇದೆ ಅತ್ತೆ, ಇದು ಬ್ಲೂ-ರೇ ಅಲ್ಲ, ಕ್ಯಾಸೆಟ್ಟು.”

ನಾನು ಒಪ್ಪಲಿಲ್ಲ. ದುಡ್ಡು ಕೊಟ್ಟವಳು ಅಷ್ಟು ಬೇಗ ಒಪ್ಪುತ್ತಾಳಾ? “ಹಳೇ ಸಿನಿಮಾ ಕಣೋ, ಅರವತ್ತು ಸಾವಿರ ಡಾಲರಲ್ಲಿ ತೆಗೆದಿದ್ದು, ಹೀಗೇ ಇರುತ್ತೆ” ಅಂತ ವಾದ ಮಾಡಿದೆ. ಆಮೇಲೆ ಚೆಂಡು ಬಂತು. ಚೆಂಡು ಉದ್ದಕ್ಕೆ ಎಳೆದ ಸೋರೆಕಾಯಿ ಆಗಿತ್ತು. ಇಬ್ಬರೂ ಸುಮ್ಮನಾದೆವು. ಹಳೇ ಟಿವಿಯ ಅಳತೆಯ ಚಿತ್ರವನ್ನು ಹೊಸ ಅಗಲ ಟಿವಿ ತುಂಬಲಿ ಅಂತ ಪಕ್ಕಕ್ಕೆ ಎಳೆದಿದ್ದರು. ಗ್ರಹಗಳು, ಮುಖಗಳು, ಎಲ್ಲವೂ ಮೂರನೇ ಒಂದು ಪಾಲು ಜಾಸ್ತಿ ದಪ್ಪ. ಎದೆ ಮೇಲಿನ ಮಫಿನ್ ತಟ್ಟೆ ಬೂದು ಮಸಿಯ ಹಾಗೆ ಕಾಣುತ್ತಿತ್ತು.

ಥಿಯೇಟರ್ ಆವೃತ್ತಿ 83 ನಿಮಿಷ. ನಿರ್ದೇಶಕರ ಆವೃತ್ತಿ ಅದಕ್ಕಿಂತ ಹತ್ತು ನಿಮಿಷಕ್ಕೂ ಹೆಚ್ಚು ಚಿಕ್ಕದು, ನಿರ್ಮಾಪಕರು ಸೇರಿಸಿದ ಭಾಗವನ್ನು ಅದರಲ್ಲಿ ತೆಗೆದಿದ್ದಾರೆ. ನನ್ನ ಡಿಸ್ಕಿನಲ್ಲಿ ಇದ್ದಿದ್ದು ಒಂದೇ ಒಂದು, 79 ನಿಮಿಷ 41 ಸೆಕೆಂಡ್. ಅದೂ ಅಲ್ಲ, ಇದೂ ಅಲ್ಲ. ರಾತ್ರಿ ಮಲಗಿದ ಮೇಲೆ ಲೆಕ್ಕ ಹಾಕಿದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಬ್ರಿಟನ್ನಿನ, ನಮ್ಮ ದೇಶದ ಹಳೇ ಟಿವಿಗಳದ್ದು ಪಾಲ್ ಪದ್ಧತಿ, ಅದು 25. ಹಾಗಾಗಿ ಪಾಲ್ ಕ್ಯಾಸೆಟ್ ಮಾಡುವಾಗ ಸಿನಿಮಾವನ್ನು ಸ್ವಲ್ಪ ಬೇಗ ಓಡಿಸುತ್ತಿದ್ದರು, ನೂರಕ್ಕೆ ನಾಲ್ಕರಷ್ಟು. 83 ನಿಮಿಷವನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ ನೋಡಿ. ಸರಿಯಾಗಿ 79 ನಿಮಿಷ 41 ಸೆಕೆಂಡ್ ಬರುತ್ತದೆ. ಹಾಡಿನ ಅವಸರಕ್ಕೂ ತೆಳ್ಳನೆ ದನಿಗೂ ಕಾರಣ ಸಿಕ್ಕಿತು. ಪಾಲ್ ದೇಶದ ಯಾರದೋ ಅಟ್ಟದಲ್ಲಿದ್ದ ಕ್ಯಾಸೆಟ್ಟಿಗೆ ನಾನು ಕಸ್ಟಮ್ಸ್ ಕಟ್ಟಿದ್ದೆ.

ಬೆಳಿಗ್ಗೆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ‘ಬಿಡಿ-ಆರ್’ ಅಂತ ತೋರಿಸಿತು, ಅಂದರೆ ಅಂಗಡಿಯಲ್ಲಿ ಸಿಗುವ ಖಾಲಿ ಡಿಸ್ಕ್. 25 ಜಿಬಿ ಜಾಗದಲ್ಲಿ ತುಂಬಿದ್ದು 4 ಜಿಬಿ ಚಿಲ್ಲರೆ. ಒಂದು ಮಾತು, ಮನೆಯಲ್ಲಿ ಬರೆದ ಡಿಸ್ಕ್ ಅಂದ ಮಾತ್ರಕ್ಕೆ ಎಲ್ಲವೂ ಕಳ್ಳಮಾಲಲ್ಲ. ಆರ್ಡರ್ ಬಂದಮೇಲೆ ಒಂದೊಂದೇ ಬರೆದು ಕಳಿಸುವ ನೇರ ವ್ಯಾಪಾರದ ಕಂಪನಿಗಳೂ ಅಮೆರಿಕದಲ್ಲಿವೆ. ಆದರೆ ಅವರು ಅದನ್ನು ಮೊದಲೇ ಬರೆದಿರುತ್ತಾರೆ.

ಮಾರಿದವರಿಗೆ ಮೆಸೇಜ್ ಮಾಡಿದೆ. ಉತ್ತರ ನಯವಾಗಿಯೇ ಬಂತು. ಇದು ತುಂಬಾ ಹಳೆಯ, ತುಂಬಾ ಕಡಿಮೆ ಬಜೆಟ್ಟಿನ ಚಿತ್ರ, ಮೂಲವೇ ಹಾಗಿದೆ, ದೊಡ್ಡ ಸ್ಟುಡಿಯೊ ಚಿತ್ರದ ಹಾಗೆ ನಿರೀಕ್ಷೆ ಇಟ್ಟುಕೊಳ್ಳಬಾರದು ಅಂತ. ಹಿಂದಿನ ರಾತ್ರಿ ನಾನೇ ಹುಡುಗನಿಗೆ ಹೇಳಿದ ಮಾತು! ಈ ನೆಪದ ಮೇಲೆಯೇ ಈ ದಂಧೆ ನಡೆಯುತ್ತಿದೆ. ಕಮ್ಮಿ ದುಡ್ಡಿನ ಸಿನಿಮಾ, ಆದ್ದರಿಂದ ಚಿತ್ರವೂ ಮಬ್ಬು ಅಂತ ನಾವೇ ಮನಸ್ಸಲ್ಲಿ ಒಪ್ಪಿಕೊಂಡಿರುತ್ತೇವೆ.

ಅದು ಸುಳ್ಳು. ಸೆಟ್ ಬಡವಾಗಿರಬಹುದು, ಫಿಲ್ಮ್ ಫಿಲ್ಮೇ. ‘ಪ್ರೈಮರ್’ ನೋಡಿ, ಸುಮಾರು 7,000 ಡಾಲರಲ್ಲಿ ಸೂಪರ್ 16 ಫಿಲ್ಮ್‌ನಲ್ಲಿ ತೆಗೆದು 2004ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನ ಹೊಡೆದ ಟೈಮ್ ಟ್ರಾವೆಲ್ ಸಿನಿಮಾ. ಅದರಲ್ಲಿ ಕಾಳು ಕಾಳಾಗಿ ಗ್ರೇನ್ ಇದೆ, ಆದರೆ ಹರಿದ ಸೀರೆ ಅಂಚು ಇಲ್ಲ. ಇನ್ನೂ ಒಳ್ಳೆಯ ಉದಾಹರಣೆ ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’, 1968ರದ್ದು. ಬಿಡುಗಡೆಗೆ ಮುಂಚೆ ಹೆಸರು ಬದಲಾಯಿಸುವಾಗ ಟೈಟಲ್ ಕಾರ್ಡಿನ ಜೊತೆ ಕಾಪಿರೈಟ್ ಸಾಲೂ ಹೊರಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಸರಿ, ಕಂಡಕಂಡವರೆಲ್ಲ ಕ್ಯಾಸೆಟ್, ಡಿಸ್ಕ್ ಮಾಡಿ ಮಾರಿದರು, ನಕಲಿನ ನಕಲು, ಅದರ ನಕಲು. ಆ ಸಿನಿಮಾ ಇರುವುದೇ ಹಾಗೆ ಅಂತ ಎಷ್ಟೋ ಜನ ನಂಬಿದ್ದರು. 2016ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮೂಲ ನೆಗೆಟಿವ್‌ನಿಂದಲೇ 4ಕೆಯಲ್ಲಿ ರಿಸ್ಟೋರ್ ಮಾಡಿಸಿತು. ನೋಡಿದರೆ ಬೇರೆ ಸಿನಿಮಾನೇ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಮಾರುವವರನ್ನು ನೇರವಾಗಿ ಕೇಳಿ, ಇದನ್ನು ಯಾವುದರಿಂದ ಮಾಡಿದ್ದು, ನೆಗೆಟಿವ್‌ನಿಂದಲೋ, ಥಿಯೇಟರ್ ಪ್ರಿಂಟ್‌ನಿಂದಲೋ, ಕ್ಯಾಸೆಟ್‌ನಿಂದಲೋ? ‘ರಿಸ್ಟೋರ್ ಮಾಡಿದ್ದು’ ಅನ್ನುವ ಪದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು. ಎಷ್ಟು ನಿಮಿಷ ಅಂತ ಸೆಕೆಂಡ್ ಸಮೇತ ಕೇಳಿ. ಡಿಸ್ಕಿನ ಹಿಂಭಾಗದ ಫೋಟೊ ಕೇಳಿ, ಬರೆದ ಡಿಸ್ಕ್ ಬಹಳ ಸಲ ಬಣ್ಣದಲ್ಲೇ ಸಿಕ್ಕಿಬೀಳುತ್ತದೆ. ಉತ್ತರ ಸುತ್ತಿ ಬಳಸಿ ಬಂದರೆ ಬಿಟ್ಟುಬಿಡಿ. ಮತ್ತೆ ಪಾರ್ಸೆಲ್ ಬಂದ ದಿನವೇ ಮೊಬೈಲ್ ಕ್ಯಾಮೆರಾ ಆನ್ ಮಾಡಿಕೊಂಡು ತೆಗೆಯಿರಿ, ಹುಡುಗ ಬರಲಿ, ಹಬ್ಬ ಬರಲಿ ಅಂತ ಕಾಯಬೇಡಿ. ನಾನು ಬ್ಯಾಂಕಿಗೆ ದೂರು ಕೊಟ್ಟಾಗ ಅವರು ಕೇಳಿದ್ದೇ ಅದು, ತೆಗೆಯುವಾಗಿನ ಫೋಟೊ ಎಲ್ಲಿದೆ, ಇಷ್ಟು ದಿನ ಯಾಕೆ ಸುಮ್ನೆ ಇದ್ರಿ ಅಂತ. ನನ್ನ ಹತ್ತಿರ ಇದ್ದಿದ್ದು ಕೆಂಪು ಹೆಬ್ಬೆರಳು ಒಂದೇ, ಅದನ್ನೂ ತೊಳೆದುಕೊಂಡಿದ್ದೆ.

ಮಾರಿದವರು ಕೊನೆಗೆ ಡಿಸ್ಕಿನ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತು ವಾಪಸ್ ಕೊಡುತ್ತೇನೆ ಅಂದರು, ಪೂರ್ತಿ ಬೇಕಾದರೆ ನನ್ನ ಖರ್ಚಲ್ಲಿ ಟ್ರ್ಯಾಕಿಂಗ್ ಇರುವ ಪೋಸ್ಟಿನಲ್ಲಿ ವಾಪಸ್ ಕಳಿಸಬೇಕು ಅಂದರು. ಪೋಸ್ಟ್ ಆಫೀಸಿನಲ್ಲಿ ವಿಚಾರಿಸಿದರೆ ಆ ಖರ್ಚೇ ಡಿಸ್ಕಿನ ಬೆಲೆಯ ಹತ್ತಿರ ಬಂತು. ಇಪ್ಪತ್ತನ್ನಾದರೂ ತಗೊಂಡಿದ್ದರೆ ಆಗುತ್ತಿತ್ತು, ಸಿಟ್ಟಲ್ಲಿ ಬೇಡ ಅಂದೆ.

ಆ ಲಿಸ್ಟಿಂಗನ್ನು ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ಅದೇ ಆರು ಫೋಟೊ, ಅದೇ ದುಂಡನೆ ಚೆಂಡು. ಕೆಳಗೆ ಕೆಂಪಕ್ಷರದಲ್ಲಿ ‘ಕೊನೆಯ ಒಂದು ಪ್ರತಿ ಮಾತ್ರ’.