ತೆರಿಗೆ ಇಲಾಖೆಯ ಕ್ಯಾಲ್ಕುಲೇಟರ್: ಲೆಕ್ಕ ಸರಿ, ಮನೆಸಾಲದ ನ್ಯಾಯ ಎಲ್ಲಿ?

ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನ ಮುಖಪುಟದಲ್ಲಿ, ಕ್ವಿಕ್ ಲಿಂಕ್ಸ್ ಅಡಿಯಲ್ಲಿ, ತೆರಿಗೆ ಕ್ಯಾಲ್ಕುಲೇಟರ್ ಇದೆ. ಲಾಗಿನ್ ಬೇಡ. ಮನೆಸಾಲ ಇರುವವರು ಹಲವು ಕಡಿತಗಳಿರುವ ಹಳೆ ತೆರಿಗೆ ಪದ್ಧತಿಯೋ, ದರ ಕಡಿಮೆಯಿದ್ದು ಬಹುಪಾಲು ಕಡಿತಗಳಿಲ್ಲದ ಹೊಸದೋ ಎಂದು ತೀರ್ಮಾನಿಸಲು ಬ್ಯಾಂಕುಗಳ ‘ತೆರಿಗೆ ಉಳಿಸಿ’ ಕ್ಯಾಲ್ಕುಲೇಟರ್‌ಗಿಂತ ಇದೇ ವಾಸಿ. ಇದಕ್ಕೆ ಸಾಲ ಮಾರುವ ಉಮೇದಿಲ್ಲ.

ಬೇಸಿಕ್ ಟ್ಯಾಬ್ ಬಿಟ್ಟುಬಿಡಿ. ಅದು ಕಡಿತಗಳ ಒಟ್ಟು ಮೊತ್ತವನ್ನಷ್ಟೇ ಕೇಳುತ್ತದೆ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಸ್ವಂತ ವಾಸದ ಮನೆ ಮತ್ತು ಬಾಡಿಗೆಗೆ ಕೊಟ್ಟ ಮನೆಗೆ ಬೇರೆ ಬೇರೆ ಜಾಗವಿದೆ. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಮುಂದಿಟ್ಟುಕೊಂಡು ಬಡ್ಡಿಯನ್ನು ಅಲ್ಲಿ, ಅಸಲನ್ನು 80ಸಿಯಲ್ಲಿ (ಉಳಿತಾಯ, ವಿಮೆ, ಸಾಲದ ಅಸಲಿಗೆ ಕಡಿತ ಕೊಡುವ ಸೆಕ್ಷನ್) ತುಂಬಬೇಕು. ಸ್ವಂತ ವಾಸದ ಮನೆಗೆ ಹಳೆ ಪದ್ಧತಿಯಲ್ಲಿ ಬಡ್ಡಿಯ ಮಿತಿ 2 ಲಕ್ಷ. ಅಸಲು, ಪಿಎಫ್, ಎಲ್‌ಐಸಿ ಎಲ್ಲ ಸೇರಿ 80ಸಿ ಮಿತಿ 1.5 ಲಕ್ಷ. ಎರಡೂ 2014ರ ಬಜೆಟ್‌ನಲ್ಲಿ ನಿಗದಿಯಾದದ್ದು, ಇಂದಿಗೂ ಕದಲಿಲ್ಲ. ಶೇ 8.5ರ ಬಡ್ಡಿಯಲ್ಲಿ ಸುಮಾರು 23.5 ಲಕ್ಷದ ಸಾಲಕ್ಕೇ ವರ್ಷಕ್ಕೆ 2 ಲಕ್ಷ ಬಡ್ಡಿಯಾಗುತ್ತದೆ. ಬೆಂಗಳೂರಿನಲ್ಲಿ ಆ ಸಾಲಕ್ಕೆ ಎಂಥ ಫ್ಲ್ಯಾಟ್ ಬರುತ್ತದೋ ನೀವೇ ಹೇಳಿ.

2025-26ನೇ ಹಣಕಾಸು ವರ್ಷಕ್ಕೆ 15 ಲಕ್ಷ ಸಂಬಳ ಹಾಕಿ ನೋಡಿ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿ ತೆರಿಗೆ 97,500 ರೂಪಾಯಿ. ಹಳೆ ಪದ್ಧತಿಯಲ್ಲಿ 50,000ದ ಜೊತೆಗೆ ಮನೆಸಾಲದ 3.5 ಲಕ್ಷವನ್ನು ಪೂರ್ತಿ ಕಳೆದರೂ 1,48,200. ಎರಡೂ ಸಮವಾಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750 ರೂಪಾಯಿ ಕಡಿತ ಬೇಕು. ಮನೆಸಾಲವೊಂದರಿಂದ ಇದು ತುಂಬುವುದಿಲ್ಲ. ತುಂಬುವುದು ಯಾರಿಗೆ? ಉದಾಹರಣೆಗೆ, ಹುಬ್ಬಳ್ಳಿಯಲ್ಲಿ ಸಾಲದ ಮನೆಯಿದ್ದು, ನೌಕರಿಗಾಗಿ ಬೆಂಗಳೂರಿನಲ್ಲಿ ಬಾಡಿಗೆಗಿರುವವರಿಗೆ. ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ವಿನಾಯಿತಿಯಿಂದ ಇನ್ನೂ 2 ಲಕ್ಷ ಸೇರಿದರೆ ಹಳೆಯದು ಗೆಲ್ಲುತ್ತದೆ, ಅದೂ 1,300 ರೂಪಾಯಿಯಿಂದ!

ಕ್ಯಾಲ್ಕುಲೇಟರ್‌ನ ದೊಡ್ಡ ಕೊರತೆ, ಅದು ನಿಮ್ಮ ಅರ್ಹತೆಯನ್ನು ಪರೀಕ್ಷಿಸುವುದಿಲ್ಲ. ತಪ್ಪುಗಳು ಹುಟ್ಟುವುದು ಇಲ್ಲೇ. ಮನೆ ಇನ್ನೂ ಕಟ್ಟುತ್ತಿದ್ದರೆ ಆ ವರ್ಷ ಬಡ್ಡಿ ಕಳೆಯುವಂತಿಲ್ಲ. ಆ ಬಡ್ಡಿಯನ್ನು ಕೂಡಿಟ್ಟು, ಕಟ್ಟಡ ಮುಗಿದ ವರ್ಷದಿಂದ ಐದು ಸಮಭಾಗಗಳಲ್ಲಿ, ಅದೇ 2 ಲಕ್ಷದ ಮಿತಿಯೊಳಗೆ ತೋರಿಸಬೇಕು. ಗಂಡ ಹೆಂಡತಿ ಇಬ್ಬರೂ ತಲಾ 2 ಲಕ್ಷ ಕೇಳಬಹುದು, ಆದರೆ ಇಬ್ಬರ ಹೆಸರೂ ಕ್ರಯಪತ್ರದಲ್ಲೂ ಸಾಲದಲ್ಲೂ ಇರಬೇಕು. ಸಾಲಕ್ಕೆ ಸಹಿ ಹಾಕಿದ್ದಷ್ಟೇ ಸಾಲದು. ಮನೆ ಕೈಸೇರಿದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮಾರಿದರೆ, ಅಸಲಿಗೆ ಪಡೆದ 80ಸಿ ಕಡಿತವೆಲ್ಲ ಮಾರಿದ ವರ್ಷದ ಆದಾಯಕ್ಕೆ ವಾಪಸ್ ಸೇರುತ್ತದೆ.

ಇನ್ನು ನ್ಯಾಯದ ಮಾತು. ಅದೇ 2 ಲಕ್ಷದ ಬಡ್ಡಿ, ಪೂರ್ತಿ ಶೇ 30ರ ಸ್ಲ್ಯಾಬ್‌ನಿಂದ ಕಳೆದರೆ ಸೆಸ್ ಸೇರಿ 62,400 ರೂಪಾಯಿ ಉಳಿಸುತ್ತದೆ; ಶೇ 20ರಲ್ಲಿ 41,600. ಸಂಬಳ ಹೆಚ್ಚಿದ್ದವರಿಗೇ ಸರ್ಕಾರದ ನೆರವೂ ಹೆಚ್ಚು. ಎಚ್‌ಆರ್‌ಎ ಇಲ್ಲದ ಬಾಡಿಗೆದಾರರಿಗೆ ಬಾಡಿಗೆಗೆ ಕಡಿತ ಕೊಡುವ ಸೆಕ್ಷನ್ 80ಜಿಜಿಯಲ್ಲಿ ವರ್ಷಕ್ಕೆ ಗರಿಷ್ಠ 60,000 ಮಾತ್ರ. ಹೊಸ ಪದ್ಧತಿ ಇವೆಲ್ಲವನ್ನೂ ತೆಗೆದುಹಾಕಿದ್ದಕ್ಕೆ ಮನೆ ಮಾಲೀಕರ ಗೊಣಗಾಟ ಜೋರಾಗಿದೆ. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಈಗಲೂ ಕಳೆಯಬಹುದು, ವಾಸದ ಮನೆಗೇಕೆ ಇಲ್ಲ ಎಂಬುದು ತಕರಾರು. ಈ ವಾದ ಅರ್ಧ ಸತ್ಯ. ಬಾಡಿಗೆಗೆ ಕೊಟ್ಟವರು ಬಾಡಿಗೆಯನ್ನು ಆದಾಯವೆಂದು ತೋರಿಸಿ, ಕಟ್ಟಿದ ಆಸ್ತಿ ತೆರಿಗೆ, ಉಳಿದ ಬಾಡಿಗೆಯ ಶೇ 30 ಮತ್ತು ಬಡ್ಡಿ ಕಳೆಯುತ್ತಾರೆ; ನಷ್ಟ ಬಂದರೆ ಹೊಸ ಪದ್ಧತಿಯಲ್ಲಿ ಅದನ್ನು ಸಂಬಳದಿಂದ ಕಳೆಯುವಂತಿಲ್ಲ. ಸ್ವಂತ ಮನೆಯಲ್ಲಿರುವವರ ಮನೆಯ ವಾರ್ಷಿಕ ಮೌಲ್ಯವನ್ನು (ಬರಬಹುದಾದ ಬಾಡಿಗೆಯ ಅಂದಾಜು) ಕಾನೂನು ಸೊನ್ನೆ ಎನ್ನುತ್ತದೆ, ಎರಡು ಮನೆಗಳವರೆಗೆ. ಆದಾಯವೇ ತೋರಿಸದ ಕಡೆ ಖರ್ಚು ಕಳೆಯಲು ಬಿಡದಿರುವುದು ಅನ್ಯಾಯವಲ್ಲ. ಬಾಡಿಗೆದಾರರಾದರೋ ತೆರಿಗೆ ಕಟ್ಟಿ ಉಳಿದ ದುಡ್ಡಿನಲ್ಲೇ ಬಾಡಿಗೆ ಕೊಡುತ್ತಾರೆ.

ನಿಜವಾದ ಅನ್ಯಾಯ ಬೇರೆಡೆ ಇದೆ. ಸಾಲ ಪಡೆದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಕಟ್ಟಡ ಪೂರ್ಣವಾಗದಿದ್ದರೆ ವಾಸದ ಮನೆಯ ಬಡ್ಡಿಯ ಮಿತಿ 2 ಲಕ್ಷದಿಂದ 30,000ಕ್ಕೆ ಕುಸಿಯುತ್ತದೆ. ತಡ ಮಾಡುವುದು ಬಿಲ್ಡರ್, ದಂಡ ಖರೀದಿದಾರನಿಗೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಗೆದ್ದರೂ ಈ ಐದು ವರ್ಷದ ಲೆಕ್ಕ ಬದಲಾಗುವುದಿಲ್ಲ. ಶೇ 30ರ ಸ್ಲ್ಯಾಬ್‌ನಲ್ಲಿ ಇದರ ಬೆಲೆ ವರ್ಷಕ್ಕೆ 53,040 ರೂಪಾಯಿವರೆಗೂ ಹೋಗುತ್ತದೆ. ಕ್ಯಾಲ್ಕುಲೇಟರ್‌ಗೆ ಕಟ್ಟಡ ಮುಗಿದ ದಿನಾಂಕದ ಒಂದು ಅಂಕಣ ಸೇರಿಸಿದ್ದರೆ ಈ ಎಚ್ಚರಿಕೆಯಾದರೂ ಸಿಗುತ್ತಿತ್ತು.

ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಹಳೆ ಪದ್ಧತಿಯೇ ಲಾಭವೆಂದು ಬಂದರೆ ರಿಟರ್ನ್ ಗಡುವಿನೊಳಗೇ ಸಲ್ಲಿಸಿ. ತಡವಾದ ರಿಟರ್ನ್‌ನಲ್ಲಿ ಆ ಆಯ್ಕೆ ಸಿಗುವುದಿಲ್ಲ. ರಿಟರ್ನ್‌ನಲ್ಲಿ ಸಾಲ ಕೊಟ್ಟವರ ಹೆಸರು, ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಮಾರ್ಚ್ 31ರ ಬಾಕಿ ಎಲ್ಲ ಕೇಳುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.