ಕೆಲಸ ಸಿಕ್ಕಿತು, ರೂಮ್ ಸಿಗಲಿಲ್ಲ: ಜೆರ್ಮಾಟ್ ಕಡೆ ಹೊರಟವರಿಗೆ ಒಂದು ಎಚ್ಚರಿಕೆ

ಸ್ವಿಟ್ಜರ್ಲೆಂಡಿನ ಗುಡ್ಡದ ಊರುಗಳಿಗೆ ಚಳಿಗಾಲದ ಹೋಟೆಲ್ ಕೆಲಸಕ್ಕೆ ಹೊರಟಿದ್ದೀರಾ? ಸಂಬಳ ಎಷ್ಟು ಅಂತ ಕೇಳುವ ಮೊದಲು ಮಲಗುವುದು ಎಲ್ಲಿ ಅಂತ ಕೇಳಿ. ಬಾಯಿಮಾತು ಸಾಲದು, ಒಪ್ಪಂದದಲ್ಲಿ ಬರೆಸಿಕೊಳ್ಳಿ. ನಾನು ಕೇಳಲಿಲ್ಲ. 1,900 ಫ್ರಾಂಕ್ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 1 ಲಕ್ಷ 80 ಸಾವಿರ ರೂಪಾಯಿ. ಅದರ ಮೇಲೆ ಡಿಸೆಂಬರ್ ಚಳಿಯಲ್ಲಿ ಮೂರು ವಾರ ಸೂಟ್‌ಕೇಸ್ ಎಳೆದುಕೊಂಡು ಓಡಾಡಿದ್ದು ಬೇರೆ.

ನಾನು ಕುಂದಾಪುರದ ಕಡೆಯವನು. ನಮ್ಮ ಸೋದರಮಾವ ಮುಂಬೈಯ ಉಡುಪಿ ಹೋಟೆಲ್‌ಗಳಲ್ಲಿ ಇಪ್ಪತ್ತು ವರ್ಷ ದುಡಿದವರು. ಹಗಲು ದೋಸೆ ಸಪ್ಲೈ ಮಾಡಿದ ಟೇಬಲ್‌ಗಳನ್ನೇ ರಾತ್ರಿ ಜೋಡಿಸಿ ಮಲಗುತ್ತಿದ್ದರಂತೆ. ನಾನು ಹೊರಟಾಗ ಅವರು ಹೇಳಿದ್ದು ಒಂದೇ ಮಾತು: "ಹೋಟ್ಲಂಗೇ ಮನಿಕಂಬುಕ್ ಜಾಗ ಇರತ್ತ್ ಮಾಣಿ, ನೀ ಹೆದರ್ಬೇಡ." ನನ್ನ ತಲೆಯಲ್ಲೂ ಅದೇ ಇತ್ತು. ಹೋಟೆಲ್ ಕೆಲಸ ಅಂದರೆ ಊಟ, ವಸತಿ ಅದರೊಳಗೇ ಬಂತು, ಅಲ್ವಾ? ಸ್ವಿಟ್ಜರ್ಲೆಂಡಿನ ಗುಡ್ಡದ ಮೇಲಿನ ಪ್ರವಾಸಿ ಊರು ಜೆರ್ಮಾಟ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಸ್ವಿಟ್ಜರ್ಲೆಂಡಿನ ಒಂದು ಹೋಟೆಲ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಓದುತ್ತಿದ್ದೆ. ಕೋರ್ಸಿನ ಭಾಗವಾಗಿ ಸಂಬಳ ಸಿಗುವ ಇಂಟರ್ನ್‌ಶಿಪ್ ಮಾಡಬೇಕು. 2023ರ ಚಳಿಗಾಲಕ್ಕೆ ಜೆರ್ಮಾಟ್‌ನ ಒಂದು ಹೋಟೆಲ್ ನನ್ನನ್ನು ಆರಿಸಿತು. ವಿಡಿಯೋ ಇಂಟರ್‌ವ್ಯೂ ಇಪ್ಪತ್ತು ನಿಮಿಷ, ರೆಸ್ಟೋರೆಂಟ್ ಸರ್ವಿಸ್ ಕೆಲಸ, ತಿಂಗಳಿಗೆ 2,300 ಚಿಲ್ಲರೆ ಫ್ರಾಂಕ್. ವಸತಿಯ ಬಗ್ಗೆ ಇಮೇಲ್‌ನಲ್ಲಿ ಒಂದು ಸಾಲು ಇತ್ತು: ರೂಮ್ ಹುಡುಕಲು ಸಹಾಯ ಮಾಡುತ್ತೇವೆ. ನಾನು ಅದನ್ನು "ರೂಮ್ ಕೊಡುತ್ತೇವೆ" ಅಂತ ಓದಿಕೊಂಡೆ. ನವೆಂಬರ್ ಕೊನೆಯಲ್ಲಿ ಇನ್ನೊಂದು ಇಮೇಲ್ ಬಂತು. ಸಿಬ್ಬಂದಿ ಮನೆ ಭರ್ತಿಯಾಗಿದೆ, ಟೇಶ್‌ನಲ್ಲಿ ಪ್ರಯತ್ನಿಸಿ ಅಂತ ಹೇಳಿ ಎರಡು ವೆಬ್‌ಸೈಟ್ ವಿಳಾಸ ಕೊಟ್ಟಿದ್ದರು. ಅವರ ಸಹಾಯ ಅಲ್ಲಿಗೆ ಮುಗಿಯಿತು.

ಟೇಶ್ ಯಾಕೆ ಅಂದರೆ, ಜೆರ್ಮಾಟ್ ಕಾರುಗಳಿಲ್ಲದ ಊರು. ರಸ್ತೆಯಲ್ಲಿ ಬಂದವರು 5 ಕಿಲೋಮೀಟರ್ ಕೆಳಗಿರುವ ಟೇಶ್‌ನಲ್ಲಿ ಕಾರು ಬಿಟ್ಟು, 12 ನಿಮಿಷದ ಶಟಲ್ ರೈಲು ಹತ್ತಬೇಕು. ಮೇಲೆ ಓಡಾಡುವುದು ಬ್ಯಾಟರಿಯ ಸಣ್ಣ ಗಾಡಿಗಳು ಮಾತ್ರ. ಕಣಿವೆ ಕಿರಿದು, ಕಟ್ಟಲು ಜಾಗ ಕಡಿಮೆ, ಇರುವ ಮನೆಗಳನ್ನು ಪ್ರವಾಸಿಗರಿಗೆ ಕೊಟ್ಟರೆ ವಾರಕ್ಕೇ ತಿಂಗಳ ಬಾಡಿಗೆ ಹುಟ್ಟುತ್ತದೆ. ಹಾಗಿರುವಾಗ ಸಪ್ಲೈ ಮಾಡುವ ಹುಡುಗನಿಗೆ ಯಾರು ಕೊಡುತ್ತಾರೆ? ಅದಕ್ಕೇ ದುಡಿಯುವವರು ಬಹಳಷ್ಟು ಜನ ಕೆಳಗಿರುತ್ತಾರೆ. ಅವರಲ್ಲಿ ಪೋರ್ಚುಗೀಸರು ಜಾಸ್ತಿ.

ಮುಂದಿನದನ್ನು ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತೇನೆ.

ಜಾಹೀರಾತು ಸಿಕ್ಕಿತು. ಟೇಶ್‌ನಲ್ಲಿ ಒಂದು ರೂಮಿನ ಮನೆ, ತಿಂಗಳಿಗೆ 950 ಫ್ರಾಂಕ್. ಫೋಟೋದಲ್ಲಿ ಮಂಚದ ಮೇಲೆ ನೀಲಿ ಚೌಕಳಿ ಹೊದಿಕೆ, ಪಕ್ಕದಲ್ಲಿ ಮರದ ಕಿಟಕಿ, ಕಿಟಕಿಯ ತುಂಬಾ ಮ್ಯಾಟರ್‌ಹಾರ್ನ್, ಜೆರ್ಮಾಟ್‌ನ ಮೇಲೆ ನಿಂತ ಪ್ರಸಿದ್ಧ ಪರ್ವತ. ಮನೆ ಮಾಲೀಕ ತಾನು ಲಂಡನ್‌ನಲ್ಲಿ ಎಂಜಿನಿಯರ್ ಅಂದ. ಬಹಳ ಮರ್ಯಾದೆಯ ಮನುಷ್ಯ. ನನ್ನ ಓದಿನ ಬಗ್ಗೆ ವಿಚಾರಿಸಿದ, ಪಾಸ್‌ಪೋರ್ಟ್ ಪ್ರತಿ ಕೇಳಿದ, ಅವನದ್ದೂ ಕಳಿಸಿದ. ಎರಡು ತಿಂಗಳ ಠೇವಣಿ ಹಾಕಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ, ಇನ್ನೂ ಮೂರು ಜನ ಕೇಳುತ್ತಿದ್ದಾರೆ ಅಂದ. ಕೆಲಸ ಶುರುವಾಗಲು ಹತ್ತು ದಿನ ಉಳಿದಿತ್ತು. ಹಾಕಿಬಿಟ್ಟೆ.

ಅವತ್ತು ನನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಸ್ವಿಸ್ ಕಾನೂನಿನ ಪ್ರಕಾರ ಬಾಡಿಗೆ ಮನೆಯ ಠೇವಣಿ ಮಾಲೀಕನ ಜೇಬಿಗೆ ಹೋಗುವಂತಿಲ್ಲ. ಬಾಡಿಗೆದಾರನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಅಲ್ಲಿಡಬೇಕು. ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತೆಯೂ ಇಲ್ಲ. ಯಾರಾದರೂ "ನನ್ನ ಖಾತೆಗೆ ಹಾಕು" ಅಂದರೆ ಅಲ್ಲೇ ಮಾತು ನಿಲ್ಲಿಸಿ. ಇದೊಂದು ಸಾಲು ಗೊತ್ತಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಬೀಗದ ಕೈ ಬರಲಿಲ್ಲ. "ನೀನು ಹೊರಡು, ಪಕ್ಕದ ಮನೆಯವರ ಹತ್ತಿರ ಕೊಟ್ಟಿರುತ್ತೇನೆ" ಅಂದ. ಟೇಶ್ ನಿಲ್ದಾಣದಲ್ಲಿ ಇಳಿದು ಸುತ್ತ ನೋಡಿದರೆ ಮ್ಯಾಟರ್‌ಹಾರ್ನ್ ಎಲ್ಲೂ ಕಾಣಲಿಲ್ಲ. ಆಗಲೇ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ವಿಳಾಸದಲ್ಲಿ ಕಟ್ಟಡ ಇತ್ತು, ನಿಜ. ಬಾಗಿಲು ತೆಗೆದ ಹೆಂಗಸು ನನ್ನ ಫೋನಿನ ಫೋಟೋ ನೋಡಿ ತಲೆ ಅಲ್ಲಾಡಿಸಿದರು. ಆಮೇಲೆ ಬೆರಳಿನಲ್ಲಿ ಎರಡು ಅಂತ ತೋರಿಸಿದರು. ಆ ತಿಂಗಳಲ್ಲಿ ಹಾಗೆ ಬಂದವನು ನಾನು ಎರಡನೆಯವನು. ಪೊಲೀಸರಿಗೆ ದೂರು ಕೊಟ್ಟೆ. ದುಡ್ಡು ಬರಲಿಲ್ಲ, ನಾನೂ ಆಸೆ ಬಿಟ್ಟೆ.

ದುಡ್ಡಿಗಿಂತ ದೊಡ್ಡ ತಲೆನೋವು ಇನ್ನೊಂದು. ಬಂದ 14 ದಿನದೊಳಗೆ, ಅದೂ ಕೆಲಸ ಶುರುವಾಗುವ ಮೊದಲು, ಗೆಮೈಂಡೆಯಲ್ಲಿ ಹೆಸರು ನೋಂದಾಯಿಸಬೇಕು. ಗೆಮೈಂಡೆ ಅಂದರೆ ಅಲ್ಲಿನ ಪಂಚಾಯ್ತಿ ಆಫೀಸು ಅಂದುಕೊಳ್ಳಿ. ನೋಂದಣಿಗೆ ವಿಳಾಸ ಬೇಕು. ನನಗೆ ವಿಳಾಸವೇ ಇಲ್ಲ! ಗೋಗರೆದ ಮೇಲೆ ಹೋಟೆಲಿನವರು ತಮ್ಮ ವಿಳಾಸ ಹಾಕಿಕೊಳ್ಳಲು ಬಿಟ್ಟರು. ವಿಳಾಸ ಕೊಟ್ಟರು, ಹಾಸಿಗೆ ಕೊಡಲಿಲ್ಲ.

ಮೊದಲ ಮೂರು ರಾತ್ರಿ ಹಾಸ್ಟೆಲ್. ಕ್ರಿಸ್‌ಮಸ್ ಹತ್ತಿರವಾದಂತೆ ಅಲ್ಲೂ ಜಾಗ ಇಲ್ಲ. ಆಮೇಲೆ ನಮ್ಮ ಹೌಸ್‌ಕೀಪಿಂಗ್‌ನ ಪೋರ್ಚುಗೀಸ್ ಅಮ್ಮ ಒಬ್ಬರು ಟೇಶ್‌ನ ತಮ್ಮ ಮನೆಯ ಸೋಫಾ ಬಿಟ್ಟುಕೊಟ್ಟರು. ನನ್ನನ್ನು "ಫೀಲ್ಯು" ಅಂತ ಕರೆಯುತ್ತಿದ್ದರು, ಮಗನೇ ಅಂತ. ಎರಡು ಕೋಣೆಯ ಮನೆಯಲ್ಲಿ ಆಗಲೇ ಐದು ಜನ ಇದ್ದರು. ದುಡ್ಡು ಕೊಡಲು ಹೋದರೆ ಬೈದರು.

ಈಗ ಕೆಲಸದ ಹೊತ್ತಿನ ಬಗ್ಗೆ. ಊಟ ಬಡಿಸುವವರಿಗೆ ಒಡೆದ ಶಿಫ್ಟ್. ಬೆಳಗ್ಗೆ ತಿಂಡಿಯಿಂದ ಮಧ್ಯಾಹ್ನದವರೆಗೆ ಒಂದು, ಸಂಜೆ ಐದೂವರೆಯಿಂದ ರಾತ್ರಿ ಊಟ ಮುಗಿಯುವವರೆಗೆ ಇನ್ನೊಂದು. ನಡುವಿನ ಬಿಡುವಿಗೆ ಅಲ್ಲಿನವರು ತ್ಸಿಮ್ಮರ್‌ಶ್ಟುಂಡೆ ಅನ್ನುತ್ತಾರೆ. ಅಂದರೆ "ರೂಮಿನ ಹೊತ್ತು", ರೂಮಿಗೆ ಹೋಗಿ ಕಾಲು ಚಾಚುವ ಸಮಯ. ರೂಮಿಲ್ಲದವನಿಗೆ ರೂಮಿನ ಹೊತ್ತು! ಟೇಶ್‌ಗೆ ಹೋಗಿ ಬರಬಹುದಿತ್ತು. ಪಾಸ್ ಇಲ್ಲದಿದ್ದರೆ ಆಗ ಒಂದು ಸಲಕ್ಕೆ 8 ಫ್ರಾಂಕ್‌ನಷ್ಟು ಕೊಡಬೇಕಿತ್ತು. ಹೋದರೂ ಆ ಮನೆಯಲ್ಲಿ ರಾತ್ರಿಪಾಳಿ ಮುಗಿಸಿದವರು ಮಲಗಿರುತ್ತಿದ್ದರು. ಹಾಗಾಗಿ ಕಪ್ಪು ಪ್ಯಾಂಟು, ಬಿಳಿ ಶರ್ಟಿನ ಮೇಲೆ ಜಾಕೆಟ್ ಹಾಕಿಕೊಂಡು ನಿಲ್ದಾಣದ ಒಳಗೆ ಕೂರುತ್ತಿದ್ದೆ. ಚಳಿ ಜಾಸ್ತಿಯಾದ ದಿನ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿ. ಡ್ರೈಯರ್‌ಗೆ ಬೆನ್ನು ಕೊಟ್ಟು, ಒಗೆದ ಟವೆಲ್‌ಗಳ ಬುಟ್ಟಿಯ ಮೇಲೆ ಕಾಲಿಟ್ಟು ನಿದ್ದೆ. ಒಂದು ಸಲ ಮ್ಯಾನೇಜರ್ ನೋಡಿದರು. ಏನೂ ಹೇಳಲಿಲ್ಲ, ದೀಪ ಆರಿಸಿ ಹೋದರು. ಅದು ದಯೆಯೋ ಮತ್ತೇನೋ, ಇವತ್ತಿಗೂ ತಿಳಿಯಲಿಲ್ಲ.

ಹಬ್ಬದ ರಶ್ ಮುಗಿಯುತ್ತಿದ್ದಂತೆ ಕಿಚನ್ನಿನ ಒಬ್ಬ ಕೆಲಸ ಬಿಟ್ಟು ಹೋದ. ಅವನ ಹಾಸಿಗೆ ನನಗೆ ಬಂತು. ಮೂರು ಮಂಚದ ನೆಲಮಾಳಿಗೆ ರೂಮ್, ಕಿಟಕಿ ತೆಗೆದರೆ ಹಿಮದ ಗೋಡೆ. ಸ್ವರ್ಗ ಅನ್ನಿಸಿತು, ಸುಳ್ಳಲ್ಲ.

ಸಂಬಳದ ಲೆಕ್ಕವನ್ನೂ ನೋಡಿಕೊಳ್ಳಿ. 2,300 ಅಂದರೆ ಕೈಗೆ 2,300 ಅಲ್ಲ. ಪಿಂಚಣಿ, ನಿರುದ್ಯೋಗ ವಿಮೆ ಅಂತ ಶೇ. 6.4 ಹೋಗುತ್ತದೆ. ಹೋಟೆಲಿನಲ್ಲೇ ಉಂಡು ಮಲಗಿದರೆ ಸರ್ಕಾರಿ ದರದ ಪ್ರಕಾರ ಊಟಕ್ಕೆ 645, ವಸತಿಗೆ 345, ಒಟ್ಟು 990 ಫ್ರಾಂಕ್ ಕಡಿತ. ತೆರಿಗೆಯೂ ಕಳೆದು ನನಗೆ ಉಳಿದದ್ದು 1,100ರ ಆಸುಪಾಸು. ಇದರಲ್ಲಿ ಮೋಸ ಇಲ್ಲ, ನಿಯಮವೇ ಹಾಗೆ. ಆದರೆ ಡಿಸೆಂಬರ್‌ನ ಚೀಟಿಯಲ್ಲಿ ನಾನು ಮಲಗದ ಹಾಸಿಗೆಗೂ 345 ಹಿಡಿದಿದ್ದರು. ಕೇಳಿದೆ, ವಾಪಸ್ ಕೊಟ್ಟರು. ಕೇಳದಿದ್ದರೆ ಹೋಗುತ್ತಿತ್ತು. ದಿನಾ ಕೆಲಸ ಮಾಡಿದ ಗಂಟೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸೀಸನ್ ಹೋಟೆಲ್‌ಗಳಲ್ಲಿ ವಾರಕ್ಕೆ 43.5 ಗಂಟೆ. ಲೆಕ್ಕ ಇಡಬೇಕಾದವರು ಮಾಲೀಕರು, ಅವರು ಇಡದಿದ್ದರೆ ಜಗಳದ ಹೊತ್ತಿಗೆ ನಿಮ್ಮ ಪುಸ್ತಕವೇ ಸಾಕ್ಷಿ.

ಊರಿನಿಂದ ಆಗಾಗ ಮೆಸೇಜ್ ಬರುತ್ತದೆ: "ಅಣ್ಣಾ, ಏಜೆಂಟ್ ಸ್ವಿಸ್ ಸೀಸನ್ ವೀಸಾಗೆ 6 ಲಕ್ಷ ಕೇಳ್ತಿದ್ದಾರೆ, ಕೊಡ್ಲಾ?" ಬೇಡ. ಸೀಸನ್ ಕೆಲಸಗಾರರ ಪರ್ಮಿಟ್ ಅನ್ನುವುದನ್ನೇ ಸ್ವಿಟ್ಜರ್ಲೆಂಡ್ 2002ರಲ್ಲಿ ತೆಗೆದುಹಾಕಿತು. ಈಗ ಸೀಸನ್‌ಗೆ ಬರುವವರು ಹೆಚ್ಚಾಗಿ ಯುರೋಪಿನವರೇ. ಅವರಿಗೆ ದಾರಿ ಸಲೀಸು. ನಮ್ಮಂಥವರಿಗೆ ಮಿತಿ ಇದೆ, ಅದೂ ಹೆಚ್ಚು ಕಲಿತ ಪರಿಣತರಿಗೆ. ನಾನು ಹೋದದ್ದು ಅಲ್ಲಿ ಓದುತ್ತಿದ್ದ ಕಾರಣಕ್ಕೆ. ಪ್ರವಾಸಿ ವೀಸಾದಲ್ಲಿ ಹೋಗಿ ಪ್ಲೇಟು ಎತ್ತುವ ಯೋಚನೆಯನ್ನಂತೂ ಮಾಡಲೇಬೇಡಿ.

ಇಷ್ಟೆಲ್ಲ ಈಗ ಬರೆಯಲು ಕಾರಣ ಇದೆ. ಹೋದ ವಾರ ನಮ್ಮ ಶಾಲೆಯ ಜೂನಿಯರ್ ಹುಡುಗಿಯೊಬ್ಬಳು ಒಂದು ಜಾಹೀರಾತು ಕಳಿಸಿ, "ಇದು ಓಕೆನಾ ಅಣ್ಣ, ನಾಳೆ ಠೇವಣಿ ಹಾಕ್ಬೇಕು" ಅಂದಳು. ಗ್ರಿಂಡೆಲ್‌ವಾಲ್ಡ್‌ನಲ್ಲಿ ಒಂದು ರೂಮಿನ ಮನೆ, ಬಾಡಿಗೆ 1,050. ಅದೇ ನೀಲಿ ಚೌಕಳಿ ಹೊದಿಕೆ, ಅದೇ ಮರದ ಕಿಟಕಿ. ಗ್ರಿಂಡೆಲ್‌ವಾಲ್ಡ್ ಇರುವುದು ಐಗರ್ ಪರ್ವತದ ಬುಡದಲ್ಲಿ. ಕಿಟಕಿಯಲ್ಲಿ ಮಾತ್ರ ಇನ್ನೂ ಮ್ಯಾಟರ್‌ಹಾರ್ನ್ ನಿಂತಿತ್ತು.